ನೋಡೋಣ ಅನ್ನುವ ಮಾಲಕಿಯ ಕೈಕೆಳಗೆ ಮೂರು ವಾರ

ಪುಣೆಯ ಥೇರಗಾಂವ್‌ನಲ್ಲಿ, ಡಾಂಗೆ ಚೌಕದಿಂದ ಐದು ನಿಮಿಷ ನಡೆದರೆ ನನ್ನ ರೊಟ್ಟಿಮನೆ ಸಿಗುತ್ತದೆ. ಬೋರ್ಡು ಹಾಕಿಲ್ಲ. ಬಡಿಯುವ ಸದ್ದು ಕೇಳಿಯೇ ಜನ ಬರುತ್ತಾರೆ. ನೆಲಮಹಡಿಯ ಎರಡು ಕೋಣೆ, ನಾಲ್ಕು ಒಲೆ, ನಾಲ್ವರು ಹೆಣ್ಣುಮಕ್ಕಳು. ದಿನಕ್ಕೆ ಸುಮಾರು 600 ರೊಟ್ಟಿ, ಜೊತೆಗೆ ಶೇಂಗಾ ಚಟ್ನಿ, ಝುಣಕ, ಒಂದೆರಡು ಪಲ್ಯ. ವಾಕಡ್, ಹಿಂಜವಡಿ ಕಡೆ ಕೆಲಸಕ್ಕಿರುವ ನಮ್ಮ ವಿಜಯಪುರ, ಕಲಬುರಗಿ, ಹುಬ್ಬಳ್ಳಿ ಹುಡುಗರು ಅರ್ಧ ಗಿರಾಕಿಗಳು. ಉಳಿದರ್ಧ ಮರಾಠಿ ಮನೆಗಳು. ಅವರು ಭಾಕರಿ ಅನ್ನುತ್ತಾರೆ, ನಾವು ರೊಟ್ಟಿ ಅನ್ನುತ್ತೇವೆ. ಹಂಚಿಗೆ ಎರಡೂ ಒಂದೇ.

ಕೆಲಸದವರ ಹೆಸರು ಇಲ್ಲಿ ಬರೆಯುವುದಿಲ್ಲ. ಊರಿನ ಹೆಸರಿನಿಂದಲೇ ಕರೆಯುತ್ತೇನೆ. ಇಂಡಿ ಅಕ್ಕ ನನಗಿಂತ ಎರಡು ವರ್ಷ ದೊಡ್ಡವರು, ನಾಲ್ವರಲ್ಲಿ ಎಲ್ಲರಿಗಿಂತ ಚೊಕ್ಕ ಕೈ. ಸಿಂದಗಿಯಾಕೆ ಮಾತು ಕಡಿಮೆ, ಆಡಿದರೆ ಚುರುಕ್ ಅನ್ನುತ್ತದೆ. ಅಕ್ಕಲಕೋಟೆಯವಳು ಅರ್ಧ ಮರಾಠಿ, ಅರ್ಧ ಕನ್ನಡ. ನನ್ನನ್ನು ‘ತಾಯಿ’ ಎಂದು ಕರೆಯುತ್ತಾಳೆ. ಮರಾಠಿಯಲ್ಲಿ ಹಾಗೆಂದರೆ ಅಕ್ಕ. ಆದರೂ ಬೈದ ದಿನ ಆ ಮಾತು ಕನ್ನಡದಲ್ಲಿ ಕೇಳಿಸಿ ಸ್ವಲ್ಪ ಚುಚ್ಚುತ್ತದೆ. ಜತ್ತದ ಹುಡುಗಿ ಎಲ್ಲರಿಗಿಂತ ಚಿಕ್ಕವಳು. ಇಂಡಿ ಅಕ್ಕನೇ ಕರೆತಂದು ಕೈ ಪಳಗಿಸಿದ್ದು.

ನಾನೂ ರೊಟ್ಟಿ ಬಡಿದೇ ಮೇಲೆ ಬಂದವಳು. 2009ರಿಂದ 2015ರವರೆಗೆ ಪಿಂಪ್ರಿಯ ಒಂದು ಖಾನಾವಳಿಯಲ್ಲಿ ಕೆಲಸ ಮಾಡಿದ್ದೆ. ಅಲ್ಲಿನ ಮಾಲಕ ಒಳ್ಳೆಯ ಮಾತಿನವನಲ್ಲ. ಅವನನ್ನು ಬೈದುಕೊಂಡೇ ಸ್ವಂತ ಒಲೆ ಹಚ್ಚಿದೆ. ‘ನಾನೂ ಬಡಿದವಳು, ನನಗೆ ಗೊತ್ತು’ ಎಂಬುದು ನನ್ನ ದೊಡ್ಡ ಹೆಮ್ಮೆ. ಕೆಲಸದವರ ಮುಂದೆ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದೆ. ಈ ಪ್ರಕರಣದಲ್ಲಿ ಪೆಟ್ಟು ತಿಂದದ್ದು ಆ ಮಾತೇ.

ಭೋಗಿ ಮುಂದಿಟ್ಟುಕೊಂಡು

ನಮ್ಮ ಧಂದೆಯಲ್ಲಿ ವರ್ಷದ ದೊಡ್ಡ ದಿನ ಭೋಗಿ, ಸಂಕ್ರಾಂತಿಯ ಹಿಂದಿನ ದಿನ. ಅವತ್ತು ಪುಣೆಯ ಮನೆಮನೆಯಲ್ಲೂ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬೇಕು, ಅವರೆ, ಬದನೆ, ಗಜ್ಜರಿ ಎಲ್ಲ ಸೇರಿಸಿದ ಪಲ್ಯ ಬೇಕು. ಬಡಿಯಲು ಬರುವವರು ಕಡಿಮೆ, ತಿನ್ನುವವರು ಅಷ್ಟೇ ಇದ್ದಾರೆ. 2025ರ ಭೋಗಿ ಜನವರಿ 13, ಸೋಮವಾರ ಬಂತು. ನಮಗೆ 1,400 ರೊಟ್ಟಿ ಆರ್ಡರ್ ಇತ್ತು.

ಸಜ್ಜೆಯನ್ನು ಮುಂಚೆ ಮಾಡಿಡಲು ಆಗುವುದಿಲ್ಲ. ಅದರ ಹಿಟ್ಟಿನಲ್ಲಿ ಎಣ್ಣೆಯ ಅಂಶ ಇರುತ್ತದೆ, ಬೀಸಿ ಕೆಲವು ದಿನ ಇಟ್ಟರೆ ಕಹಿ ಬರುತ್ತದೆ. ಹಾಗಾಗಿ ಹಿಂದಿನ ದಿನವೇ ಗಿರಣಿಗೆ ಹೋಗಬೇಕು. ಜೋಳದ್ದು ಇನ್ನೊಂದು ತಕರಾರು. ಗೋಧಿಯಲ್ಲಿರುವ ಜಿಗುಟು ಅದರಲ್ಲಿ ಇಲ್ಲ. ಕುದಿಯುವ ಎಸರು ಹಾಕಿ ನಾದಿದರೆ ಮಾತ್ರ ಹಿಟ್ಟು ಕೂಡುತ್ತದೆ. ನಾದಿಟ್ಟು ಬಿಟ್ಟರೆ ಒಣಗಿ ಬಡಿಯುವಾಗ ಅಂಚು ಸೀಳುತ್ತದೆ. ನಾದು, ಬಡಿ, ಹಂಚಿಗೆ ಹಾಕು, ಮೇಲೆ ನೀರಿನ ಬಟ್ಟೆ ಸವರು, ತಿರುವು. ನಡುವೆ ಕೈ ನಿಲ್ಲುವ ಹಾಗಿಲ್ಲ. ಯಂತ್ರದಲ್ಲಿ ಒತ್ತಿದ ರೊಟ್ಟಿಯೂ ಸಿಗುತ್ತದೆ. ನಮ್ಮ ಗಿರಾಕಿಗಳು ಅದನ್ನು ಮುಟ್ಟುವುದಿಲ್ಲ.

ಅದೇ ವಾರ ಊರಲ್ಲಿ ಜಾತ್ರೆ. ವಿಜಯಪುರದಲ್ಲಿ ಸಿದ್ಧೇಶ್ವರನದು, ಸೋಲಾಪುರದಲ್ಲೂ ಸಿದ್ಧೇಶ್ವರನದೇ, ಎರಡೂ ಸಂಕ್ರಾಂತಿಯ ಆಸುಪಾಸು. ಪುಣೆಯಲ್ಲಿ ನಮಗೆ ಸೀಸನ್ ಇರುವಾಗಲೇ ಊರಿನಿಂದ ಕರೆ ಬರುತ್ತದೆ. ಪ್ರತಿ ವರ್ಷ ಇದ್ದದ್ದೇ. ನಾನು ಮಾತ್ರ ಪ್ರತಿ ವರ್ಷ ಹೊಸದಾಗಿ ಗಾಬರಿಯಾಗುತ್ತಿದ್ದೆ.

ಡಿಸೆಂಬರ್ 30ರಂದು ಇಂಡಿ ಅಕ್ಕ ಕೈ ತೊಳೆಯುತ್ತಾ ಕೇಳಿದರು: “ಅಕ್ಕಾ, ಜಾತ್ರಿಗೆ ಹೋಗಬೇಕಂತ ಐತ್ರಿ. 12ರಿಂದ 16ರ ತನಕ ಸೂಟಿ ಕೊಡ್ತೀರೇನ್ರಿ?” ವಯಸ್ಸಿನಲ್ಲಿ ದೊಡ್ಡವರಾದರೂ ನನ್ನನ್ನು ಅಕ್ಕಾ ಅನ್ನುತ್ತಾರೆ. ಪಗಾರ ಕೊಡುವವರು ಎಲ್ಲರಿಗೂ ಅಕ್ಕ, ಅಲ್ವಾ?

ನಾನು ಅಂದೆ: “ನೋಡೋಣ.”

ಜನವರಿ 10, ಶುಕ್ರವಾರ ಸಂಜೆ ಅವರು ಸೆರಗಿಗೆ ಕೈ ಒರೆಸಿಕೊಂಡು ಬಂದರು. “ನಾಳೆ ರಾತ್ರಿ ಬಸ್ಸಿಗೆ ಹೊಂಟೀವ್ರಿ. ನಾಲ್ಕು ಟಿಕೀಟ್ ತಗಸ್ಯಾರ ನಮ್ಮನಿಯವರು.” ನನಗೆ ತಲೆಗೇರಿತು. ಭೋಗಿ ಮುಂದಿಟ್ಟುಕೊಂಡು ಯಾರು ಹೋಗು ಅಂದರು, ಯಾರನ್ನು ಕೇಳಿ ಟಿಕೀಟ್ ತೆಗೆಸಿದಿರಿ ಎಂದೆ. “ಅವತ್ತ ನೋಡೋಣ ಅಂದಿದ್ರಲ್ರಿ” ಎಂದರು. ನೋಡೋಣ ಅಂದರೆ ಹೂಂ ಅಂತಲ್ಲ ಎಂದೆ. ಆಮೇಲೆ ಇನ್ನೊಂದು ಮಾತು ಬಾಯಿಂದ ಬಿತ್ತು: “ಇರೋದಾದ್ರ ಇರ್ರಿ, ಇಲ್ಲಂದ್ರ ಬಾಗಲಾ ಅಲ್ಲೈತಿ.”

ಪಿಂಪ್ರಿಯ ಆ ಖಾನಾವಳಿ ಮಾಲಕ ನನಗೆ ಹೇಳುತ್ತಿದ್ದ ಮಾತು ಅದು. ಅವನು ಮರಾಠಿಯಲ್ಲಿ ಹೇಳುತ್ತಿದ್ದ. ನಾನು ಕನ್ನಡಕ್ಕೆ ತಂದೆ, ಅಷ್ಟೇ.

ಇಂಡಿ ಅಕ್ಕ ಕೂಗಾಡಲಿಲ್ಲ. ಚಪ್ಪಲಿ ಹಾಕಿಕೊಂಡು ಮೆಟ್ಟಿಲ ಹತ್ತಿರ ನಿಂತು ಅಂದರು: “ಮೊದಲ ಇಲ್ಲ ಅಂದಿದ್ರ ನಾ ಏನೂ ಅಂತಿದ್ದಿಲ್ರಿ.” ಹೋದರು. ಮರುದಿನ ಜತ್ತದ ಹುಡುಗಿಯೂ ಬರಲಿಲ್ಲ.

ಭೋಗಿ ದಿನ ನಾನು, ಮಗಳು, ನಾದಿನಿ, ಉಳಿದ ಇಬ್ಬರು ಸೇರಿ ನಸುಕಿನ ಮೂರಕ್ಕೆ ಒಲೆ ಹಚ್ಚಿದೆವು. ಮಗಳ ರೊಟ್ಟಿ ಭಾರತದ ನಕ್ಷೆಯ ಹಾಗೆ ಬರುತ್ತಿತ್ತು. 860 ಮುಟ್ಟಿಸಿದೆವು. ಉಳಿದ 540ಕ್ಕೆ ಫೋನ್ ಮಾಡಿ ಕ್ಷಮೆ ಕೇಳುವ ಕೆಲಸ ನಮ್ಮನೆಯವರದು. ಸ್ಕೂಟರ್ ಮೇಲೆ ಡಬ್ಬಿ ಮುಟ್ಟಿಸುವವರೂ ಅವರೇ, ಆದ್ದರಿಂದ ಬೈಗುಳ ಎರಡು ಸಲ ಬಿತ್ತು.

ಮಗಳು ಕೇಳಿದ್ದು

ಮಗಳು ಹಿಂಜವಡಿಯ ಒಂದು ಕಂಪನಿಯಲ್ಲಿ ಎಚ್‌ಆರ್ ಕೆಲಸ ಮಾಡುತ್ತಾಳೆ. ವಾರಕ್ಕೆ ಮೂರು ದಿನ ಮನೆಯಿಂದಲೇ. ಸಂಕ್ರಾಂತಿ ಕಳೆದ ಮೇಲೆ ಒಂದು ರಾತ್ರಿ ನಾನು ಇಂಡಿ ಅಕ್ಕನನ್ನು ಬೈಯುತ್ತಾ ಕೂತಿದ್ದೆ. ಅವಳು ಕೇಳಿದಳು: “ಅವ್ವಾ, ಖರೆ ಹೇಳು. ನೀ ನಿನ್ನ ಕೈಕೆಳಗ ಕೆಲಸ ಮಾಡ್ತಿದ್ದೇನು?”

“ಖುಷಿಯಿಂದ ಮಾಡ್ತಿದ್ದೆ” ಎಂದೆ. ತಡವೇ ಮಾಡಲಿಲ್ಲ.

ಅವಳು ನಕ್ಕಳು. ಮ್ಯಾನೇಜರ್‌ಗಳ ಟ್ರೇನಿಂಗಿನಲ್ಲಿ ಇದನ್ನು ಕೇಳುತ್ತಾರಂತೆ. ಎಲ್ಲರೂ ನನ್ನ ಹಾಗೇ ತಟ್ಟನೆ ಹೂಂ ಅನ್ನುತ್ತಾರಂತೆ. ಅದಕ್ಕೊಂದು ಕಥೆಯನ್ನೂ ಹೇಳಿದಳು. ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಅಧ್ಯಾಪಕರನ್ನು ನೀವು ಪಾಠ ಹೇಗೆ ಮಾಡುತ್ತೀರಿ ಎಂದು ಕೇಳಿದರಂತೆ. 1977ರಲ್ಲಿ ಅದರ ಲೆಕ್ಕ ಪ್ರಕಟವಾಯಿತು. 100ಕ್ಕೆ 94 ಜನ, ನಾವು ಸಾಮಾನ್ಯರಿಗಿಂತ ಮೇಲು ಅಂದಿದ್ದರು. ಓದಿದವರೇ ಹೀಗಾದರೆ ರೊಟ್ಟಿ ಬಡಿಯುವವಳದು ಏನು ಬಿಡು ಎಂದೆ. ಅವಳು ಬಿಡಲಿಲ್ಲ. “ಮಾಡಿ ತೋರಸು” ಎಂದಳು.

ಒಪ್ಪಂದ ಹೀಗೆ. ಜನವರಿ 20, ಸೋಮವಾರದಿಂದ ಫೆಬ್ರವರಿ 8, ಶನಿವಾರದವರೆಗೆ, ಭಾನುವಾರ ಬಿಟ್ಟು 18 ದಿನ, ನಾನು ಇಂಡಿ ಅಕ್ಕನ ಒಲೆಯ ಮುಂದೆ ಕೂರಬೇಕು. ಬೆಳಗ್ಗೆ 7ರಿಂದ 12, ಸಂಜೆ 4ರಿಂದ 7:30. ಪಗಾರ ತಿಂಗಳಿಗೆ 13,000 ಲೆಕ್ಕದಲ್ಲಿ, ಅಂದರೆ ದಿನಕ್ಕೆ 500. ಆರ್ಡರ್, ಹಿಟ್ಟು, ಸಿಲಿಂಡರ್ ಏನೇ ಇದ್ದರೂ ಮಧ್ಯಾಹ್ನ ನೋಡಿಕೊಳ್ಳಬೇಕು. ಮಾಲಕಿಯ ಜಾಗದಲ್ಲಿ ಮಗಳು. ಆದರೆ ಅವಳು ತನ್ನ ಬುದ್ಧಿ ಉಪಯೋಗಿಸುವ ಹಾಗಿಲ್ಲ. ಗೋಡೆಯ ಮೇಲೆ ನಾನೇ ಬರೆದು ಅಂಟಿಸಿದ ನಿಯಮ, ನಮ್ಮ ವಾಟ್ಸಾಪ್ ಗುಂಪಿನಲ್ಲಿ ನವೆಂಬರ್, ಡಿಸೆಂಬರ್‌ನಲ್ಲಿ ನಾನೇ ಹಾಕಿದ ಮೆಸೇಜು, ನಾನು ಆಡಿದ ಮಾತು, ಇಷ್ಟನ್ನೇ ನನ್ನ ಮೇಲೆ ಪ್ರಯೋಗಿಸಬೇಕು. ಮಾತುಗಳನ್ನು ನೆನಪಿಸಿಕೊಡುವ ಕೆಲಸ ಸಿಂದಗಿಯಾಕೆಗೆ. ಅವರ ನೆನಪಿನ ಶಕ್ತಿ ಅಷ್ಟಿದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಒಲೆಯ ಈ ಕಡೆ

ಮೊದಲ ದಿನವೇ ಎಂಟು ನಿಮಿಷ ತಡವಾಯಿತು. ದಾರಿಯಲ್ಲಿ ಸಿಲಿಂಡರ್ ಹುಡುಗ ನಿಲ್ಲಿಸಿ ಹಳೇ ಬಾಕಿ ಕೇಳಿದ. ಒಳಗೆ ಬಂದರೆ ಮಗಳು ಪುಸ್ತಕದಲ್ಲಿ 7:08 ಎಂದು ಬರೆದು, ಅರ್ಧ ಗಂಟೆ ಕಟ್ ಅಂದಳು. ಸಿಲಿಂಡರ್ ಕಥೆ ಹೇಳಿದೆ. ಸಿಂದಗಿಯಾಕೆ ತಲೆ ಎತ್ತದೆ ಅಂದರು: “ದಾರಿ ಎಲ್ಲಾರಿಗೂ ಒಂದ ಐತಿ, ಅಂತಿದ್ರಿ.” ಹೌದು, ಅಂತಿದ್ದೆ. ಕಾಳೇವಾಡಿಯಿಂದ ಬರುವ ಷೇರ್ ರಿಕ್ಷಾ ತುಂಬುವವರೆಗೆ ಹೊರಡುವುದಿಲ್ಲ ಎಂದು ಜತ್ತದ ಹುಡುಗಿ ಹೇಳಿದಾಗ ಅಂದದ್ದು.

ಮಗಳ ಪ್ರಕಾರ ಇದಕ್ಕೂ ಹೆಸರಿದೆ. ಬೇರೆಯವರು ತಡ ಮಾಡಿದರೆ ಸ್ವಭಾವ ಅನ್ನುತ್ತೇವೆ, ನಾವು ತಡ ಮಾಡಿದರೆ ರಸ್ತೆ ಅನ್ನುತ್ತೇವೆ. ಬೇರೆಯವರ ನಡತೆಗೆ ಪರಿಸ್ಥಿತಿಯನ್ನು ಬಿಟ್ಟು ಸ್ವಭಾವವನ್ನೇ ಕಾರಣ ಮಾಡುವ ಈ ತಪ್ಪಿಗೆ ಲೀ ರಾಸ್ ಎಂಬ ಮನಶ್ಶಾಸ್ತ್ರಜ್ಞ ಹೆಸರಿಟ್ಟದ್ದೂ 1977ರಲ್ಲೇ. ಆ ವರ್ಷ ಅಮೆರಿಕದವರಿಗೆ ಬೇರೆ ಕೆಲಸ ಇರಲಿಲ್ಲ ಅನ್ನಿಸುತ್ತದೆ.

ಕೆಲಸ ನನಗೆ ಕಷ್ಟವಾಗಲಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಮೊದಲೆರಡು ದಿನ ಮೊಣಕೈ ಹಿಡಿಯಿತು, ಆಮೇಲೆ ಹಳೆಯ ಲಯ ಬಂತು. ಅಂಗೈಯ ಬುಡದಿಂದ ಬಡಿಯುತ್ತಾ ಬೆರಳಿಂದ ತಿರುಗಿಸುವುದು, ರೊಟ್ಟಿ ತಾನೇ ಸುತ್ತುತ್ತಾ ಅಗಲವಾಗುವುದು. ಹಂಚಿನ ಮೇಲೆ ಹಾಕಿ ಒದ್ದೆ ಬಟ್ಟೆ ಸವರಿದಾಗ ಸುಂಯ್ ಎಂದು ಹಬೆ ಏಳುತ್ತದಲ್ಲ, ಆ ವಾಸನೆಗೆ ಪಗಾರ ಇಲ್ಲದಿದ್ದರೂ ಕೂರಬಹುದು. ಸೀಳಿದ ರೊಟ್ಟಿಗೆ ದುಡ್ಡು ಕಟ್ ಆದಾಗಲೂ ನನಗೆ ಅಷ್ಟು ಬೇಸರ ಬರಲಿಲ್ಲ. ಒಂದು ದಿನ ಗಿರಣಿಯವನು ಹಿಟ್ಟು ದಪ್ಪ ಬೀಸಿದ್ದ. ಅವತ್ತು ಜಗಳ ಆಡಿದೆ. ಮಗಳು ನನ್ನದೇ ಹಳೆಯ ಮೆಸೇಜು ಓದಿದಳು: “ಹಿಟ್ಟಿಗೆ ಬಾಯಿ ಇಲ್ಲ ಅಂತ ಹಿಟ್ಟಿನ ಮ್ಯಾಲೆ ಹಾಕಬ್ಯಾಡ್ರಿ.” ಬರೆದಾಗ ಎಷ್ಟು ಚೆನ್ನಾಗಿ ಬರೆದೆ ಅಂದುಕೊಂಡಿದ್ದೆ.

ಕಷ್ಟ ಶುರುವಾದದ್ದು ನಾಲ್ಕನೇ ದಿನ ರಾತ್ರಿ. 10:47ಕ್ಕೆ ಫೋನ್ ಮಿಣುಕಿತು. “ನಾಳೆ 6ಕ್ಕ ಬರ್ರಿ. 80 ಜಾಸ್ತಿ ಐತಿ.” ಇಷ್ಟೇ. ಡಿಸೆಂಬರ್ 12ರಂದು ಅದೇ ಹೊತ್ತಿಗೆ ನಾನು ಕಳಿಸಿದ್ದ ಮೆಸೇಜು. ಪಕ್ಕದ ಕೋಣೆಯಿಂದ ಮಗಳು ಒತ್ತಿದ್ದು ನನಗೆ ಕೇಳಿಸಿತು ಕೂಡ.

ಆರಕ್ಕೆ ಏಳುವುದು ನನಗೆ ದೊಡ್ಡ ಮಾತಲ್ಲ. ಐದಕ್ಕೇ ಏಳುವವಳು. ಆದರೆ ಅವತ್ತಿನಿಂದ ರಾತ್ರಿ ಒಂಬತ್ತೂವರೆಯಾದರೆ ಕಣ್ಣು ಫೋನಿನ ಮೇಲೆ. ಊಟ ಮಾಡುವಾಗ ಒಮ್ಮೆ ನೋಡುವುದು, ಪಾತ್ರೆ ತೊಳೆದು ಒಮ್ಮೆ. ಹಾಸಿಗೆಗೆ ಹೋದ ಮೇಲೂ, ಬರುವುದಿದ್ದರೆ ಬಂದು ಹೋಗಲಿ ಎಂದು ಹನ್ನೊಂದರವರೆಗೆ ಕಾಯುವುದು. 18 ರಾತ್ರಿಗಳಲ್ಲಿ ಮೆಸೇಜು ಬಂದದ್ದು ಏಳೇ ಸಲ. ಕಾದದ್ದು ಮಾತ್ರ ಪ್ರತಿ ರಾತ್ರಿ. ನಾನು ದಿನಕ್ಕೆ ಎಂಟೂವರೆ ಗಂಟೆ ಕೆಲಸ ಕೊಟ್ಟಿದ್ದೇನೆ ಅಂದುಕೊಂಡಿದ್ದೆ. ಊಟದ ತಟ್ಟೆಯ ಮುಂದೆ ಕೂತವರಿಂದಲೂ ಒಂದಷ್ಟು ತೆಗೆದುಕೊಳ್ಳುತ್ತಿದ್ದೆ, ಅದು ಯಾವ ಪುಸ್ತಕದಲ್ಲೂ ಇಲ್ಲ.

ಆ ಎರಡು ತಿಂಗಳ ಮೆಸೇಜುಗಳಲ್ಲಿ ಶಾಭಾಸ್ ಅನ್ನುವಂಥದ್ದು ಏನಾದರೂ ಇದೆಯಾ ಎಂದು ಮಗಳು ಹುಡುಕಿದಳು. ಒಂದು ಹೆಬ್ಬೆರಳಿನ ಚಿತ್ರ ಸಿಕ್ಕಿತು. ‘ಸಿಲಿಂಡರ್ ಖಾಲಿ’ ಎಂದು ಸಿಂದಗಿಯಾಕೆ ಹಾಕಿದ್ದಕ್ಕೆ ನಾನು ಒತ್ತಿದ್ದು.

ಎರಡನೇ ವಾರ ಸೋಲಾಪುರದಿಂದ ತಂಗಿ ಫೋನ್ ಮಾಡಿದಳು. ಫೆಬ್ರವರಿ 1, ಶನಿವಾರ ಮೊಮ್ಮಗಳ ತೊಟ್ಟಿಲು. ಸೋಮವಾರ ಸಂಜೆ ಮಗಳನ್ನು ಕೇಳಿದೆ: “ಶನಿವಾರ ಸೂಟಿ ಬೇಕವ್ವಾ.” ಪುಸ್ತಕದಿಂದ ತಲೆ ಎತ್ತದೆ ಅವಳು ಅಂದಳು: “ನೋಡೋಣ.”

ನನಗೆ ನಗು ಬಂತು. ಚೆನ್ನಾಗಿ ನಾಟಕ ಆಡುತ್ತಾಳೆ ಅಂದುಕೊಂಡೆ.

ಮಂಗಳವಾರ ತಂಗಿ ಕೇಳಿದಳು, ಬರ್ತೀಯಾ? ಬಹುತೇಕ ಬರ್ತೀನಿ ಎಂದೆ. ಬುಧವಾರ ಟಿಕೀಟ್ ನೋಡಿದೆ, ತೆಗೆಸಲಿಲ್ಲ. ಕುಬುಸದ ಬಟ್ಟೆ ಟೇಲರ್‌ಗೆ ಕೊಡಲೋ ಬೇಡವೋ ಎಂದು ಚೀಲದಲ್ಲೇ ಇಟ್ಟುಕೊಂಡು ಓಡಾಡಿದೆ. ಗುರುವಾರ ಇನ್ನೊಮ್ಮೆ ಕೇಳೋಣ ಅನ್ನಿಸಿತು. ಕೇಳಿದರೆ ಸಿಟ್ಟಾಗಿ ಇಲ್ಲ ಅಂದುಬಿಟ್ಟರೆ? ಕೇಳದೇ ಇದ್ದರೆ ಮರೆತೇ ಬಿಟ್ಟರೆ? ನನ್ನ ಹೊಟ್ಟೆಯಲ್ಲಿ ಹುಟ್ಟಿದವಳ ಮುಖ ನೋಡಿ ಹೊತ್ತು ಗೊತ್ತು ಲೆಕ್ಕ ಹಾಕುತ್ತಿದ್ದೆ. ಅವತ್ತು ರೊಟ್ಟಿ ಒಂದೂ ಸೀಳಬಾರದು ಎಂದು ಜಾಸ್ತಿ ಎಚ್ಚರ ವಹಿಸಿದೆ. ಯಾಕೆ ಅಂತ ನಿಮಗೂ ಗೊತ್ತಾಗಿರಬೇಕು.

ಶುಕ್ರವಾರ ಸಂಜೆ ಏಳಕ್ಕೆ ಕೇಳಿಯೇ ಬಿಟ್ಟೆ. “ಇಲ್ಲ, ನಾಳೆ ಆರ್ಡರ್ ಅದಾವ” ಎಂದಳು.

ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಂಚಿನ ಮೇಲೆ ಎಸೆದೆ. ಅದು ನಾಟಕ ಅಲ್ಲ. ನಿಜವಾಗಿ ಮೈ ಉರಿದಿತ್ತು. “ಸೋಮವಾರನ ಇಲ್ಲ ಅಂದಿದ್ರ...” ಎಂದು ಕೂಗಿದವಳು ಅಲ್ಲೇ ನಿಂತೆ. ಅಕ್ಕಲಕೋಟೆಯವಳು ಸುಮ್ನೆ ಒಲೆ ಸಣ್ಣ ಮಾಡಿದಳು. ಸಿಂದಗಿಯಾಕೆ ಬಾಗಿಲ ಕಡೆ ನೋಡಿದರು. ಆ ಮೆಟ್ಟಿಲು ನಮ್ಮೆಲ್ಲರಿಗೂ ಕಾಣುತ್ತಿತ್ತು.

ನೋಡೋಣ ಎಂದು ನಾನು ಯಾಕೆ ಅನ್ನುತ್ತೇನೆ? ಆ ರಾತ್ರಿ ಕೂತು ಯೋಚಿಸಿದೆ. ಒಳ್ಳೆಯ ಕಾರಣ ಸಿಗಲಿಲ್ಲ. ಡಿಸೆಂಬರ್ 30ರಂದೇ ಇಲ್ಲ ಅಂದಿದ್ದರೆ ಇಂಡಿ ಅಕ್ಕ ಎರಡು ವಾರ ಮುಖ ಸಣ್ಣ ಮಾಡಿಕೊಂಡು ಇರುತ್ತಿದ್ದರು. ಅದನ್ನು ನೋಡುವುದು ನನಗೆ ಬೇಡವಾಗಿತ್ತು. ಹೂಂ ಅಂದಿದ್ದರೆ ಆ ಐದು ದಿನಕ್ಕೆ ಬೇರೆ ಕೈ ಹುಡುಕಬೇಕಿತ್ತು. ಅದೂ ಬೇಡ. ನೋಡೋಣ ಅಂದರೆ ನನಗೆ ಏನೂ ಖರ್ಚಿಲ್ಲ. ಆರ್ಡರ್ ಕಡಿಮೆ ಬಂದರೆ ಕಳಿಸೋಣ, ಜಾಸ್ತಿ ಬಂದರೆ ಇಟ್ಟುಕೊಳ್ಳೋಣ. ಅವರ ಜಾತ್ರೆಯನ್ನು ನನ್ನ ಹಿಟ್ಟಿನ ಡಬ್ಬಿಯ ಪಕ್ಕದಲ್ಲಿ ದಾಸ್ತಾನು ಇಟ್ಟುಕೊಂಡಿದ್ದೆ. ಖಾನಾವಳಿಯವನು ಇದನ್ನೇ ಮರಾಠಿಯಲ್ಲಿ ‘ಬಘೂ’ ಅನ್ನುತ್ತಿದ್ದ. ಅವನ ಬಘೂ ಕಾಯುತ್ತಾ ನಾನು ಒಂದು ಮದುವೆ ತಪ್ಪಿಸಿಕೊಂಡಿದ್ದೆ, ನನ್ನ ಚಿಕ್ಕಪ್ಪನ ಮಗನದು. ಅದು ನೆನಪಿತ್ತು. ಅವನ ಮಾತು ನನ್ನ ಬಾಯಲ್ಲಿ ಇದೆ ಅನ್ನುವುದು ಮಾತ್ರ ಗೊತ್ತಿರಲಿಲ್ಲ. ರೊಟ್ಟಿ ಬಡಿಯುವುದು ಹೇಗಿರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನನ್ನ ಅಡಿಯಲ್ಲಿ ಬಡಿಯುವುದು ಹೇಗಿರುತ್ತದೆ ಎಂದು ಗೊತ್ತಾಗಲು ದಾರಿಯೇ ಇರಲಿಲ್ಲ, ಒಲೆಯ ಆ ಕಡೆ ಯಾವಾಗಲೂ ನಾನೇ ನಿಂತಿದ್ದೆನಲ್ಲ.

ತೊಟ್ಟಿಲಿಗೆ ಹೋಗಲಿಲ್ಲ. ಮಗಳು ಹೋಗು ಅಂದಳು. ಬೇಡ ಅಂದೆ. ತಂಗಿ ಇನ್ನೂ ಒಮ್ಮೊಮ್ಮೆ ಎತ್ತಿ ಆಡುತ್ತಾಳೆ.

ಪಗಾರ ಚೀಟಿ

ಫೆಬ್ರವರಿ 8ರ ಸಂಜೆ ಮಗಳು ಚೀಟಿ ಕೊಟ್ಟಳು. 18 ದಿನಕ್ಕೆ 9,000. ಎರಡು ಸಲ ತಡ, ತಲಾ 30ರಂತೆ 60 ಕಟ್. ದಿನಕ್ಕೆ ಐದರ ಮೇಲೆ ಸೀಳಿದ, ಸೀದ ರೊಟ್ಟಿ ಒಟ್ಟು 11, ತಲಾ 12ರಂತೆ 132 ಕಟ್. ಕೈಗೆ 8,808.

ಕೆಳಗೆ ಪೆನ್ಸಿಲ್‌ನಲ್ಲಿ ಇನ್ನೊಂದು ಲೆಕ್ಕ ಬರೆದಿದ್ದಳು. ಏಳು ದಿನ ಆರಕ್ಕೇ ಬಂದದ್ದು, ಏಳು ಗಂಟೆ. ಗಂಟೆಗೆ ಸುಮಾರು 59 ರೂಪಾಯಿ. ಅಂದರೆ 413. ಅದನ್ನು ಯಾರಿಗೂ ಕೊಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಎಂಟು ನಿಮಿಷ ತಡವಾದರೆ ಪುಸ್ತಕಕ್ಕೆ ಬರುತ್ತದೆ, ಒಂದು ಗಂಟೆ ಮುಂಚೆ ಬಂದರೆ ಬರುವುದಿಲ್ಲ. ಪುಸ್ತಕ ಬರೆಯುವವಳು ನಾನೇ. ಒಂಬತ್ತು ವರ್ಷದಿಂದ ಬರೆಯುತ್ತಿದ್ದೇನೆ. ಆ ಎರಡು ಸಾಲು ಒಂದರ ಪಕ್ಕ ಒಂದು ಬರುವವರೆಗೆ ಕಂಡಿರಲಿಲ್ಲ.

ಮಗಳು ಕಾಯ್ದೆಯನ್ನೂ ತೆಗೆದಳು. ಮಹಾರಾಷ್ಟ್ರದ ಅಂಗಡಿ ಮತ್ತು ಸಂಸ್ಥೆಗಳ 2017ರ ಕಾಯ್ದೆಯ ಪ್ರಕಾರ ಆಗ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮಿತಿ. ಅದರ ಮೇಲೆ ದುಡಿಸಿದರೆ ದುಪ್ಪಟ್ಟು ಕೂಲಿ. ಆದರೆ ಆ ನಿಯಮ ಆಗ 10 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವಲ್ಲಿಗೆ ಮಾತ್ರ ಇತ್ತು. ನಮ್ಮಲ್ಲಿ ನಾಲ್ವರು. ಸದ್ಯ, ನಮಗೆ ತಾಗುವುದಿಲ್ಲ ಎಂದು ಉಸಿರು ಬಿಟ್ಟೆ. ಆಮೇಲೆ ಲೆಕ್ಕ ಹಾಕಿದೆ. ಎಂಟೂವರೆ ಗಂಟೆ, ಆರು ದಿನ, 51. ನಸುಕಿನ ಗಂಟೆ ಸೇರಿಸದೆಯೇ 51.

ಈ ಪ್ರಯೋಗದಲ್ಲಿ ದೊಡ್ಡ ತೂತು ಇದೆ, ಅದನ್ನು ಮುಚ್ಚಿಡುವುದಿಲ್ಲ. ನಾನು ಬೇಡ ಅಂದ ದಿನ ಆಟ ಮುಗಿಯುತ್ತಿತ್ತು. ನನ್ನ ಮನೆ ರೊಟ್ಟಿಮನೆಯ ಹಿಂದಿನ ಗಲ್ಲಿ, ರಿಕ್ಷಾ ಬೇಕಿಲ್ಲ. ಮನೆ ಬಾಡಿಗೆಗೆ ಈ ಪಗಾರ ನಂಬಿಲ್ಲ. ಎಲ್ಲಕ್ಕಿಂತ ಚೆನ್ನಾಗಿ ಹೇಳಿದ್ದು ಸಿಂದಗಿಯಾಕೆ. ಚೀಟಿ ಓದಿ ನಾನು ನಿಟ್ಟುಸಿರು ಬಿಟ್ಟಾಗ ಅಂದರು: “ನಿಮಗ ಕಟ್ ಆದ ರೊಕ್ಕ ನಿಮ್ಮ ಡಬ್ಬಿಗೇ ಹೋಗ್ತೈತಲ್ರಿ.”

ಇದಕ್ಕೆ ನನ್ನ ಹತ್ತಿರ ಈಗಲೂ ಉತ್ತರ ಇಲ್ಲ.

ಏನು ಬದಲಾಯಿತು, ಏನು ಇಲ್ಲ

ರಾತ್ರಿ ಮೆಸೇಜು ನಿಲ್ಲಿಸುವುದು ಹೇಳಿದಷ್ಟು ಸುಲಭವಿರಲಿಲ್ಲ. ಗಿರಾಕಿಗಳೇ ರಾತ್ರಿ ಹತ್ತಕ್ಕೆ ಆರ್ಡರ್ ಕೊಡುತ್ತಿದ್ದರು. ಅವರ ಆಫೀಸಿನಲ್ಲಿ ನಾಳೆ ಯಾರು ಬರುತ್ತಾರೆ, ಮೀಟಿಂಗ್ ಇದೆಯಾ ಎನ್ನುವುದು ಅವರ ಮೇಲಿನವರು ಹೇಳಬೇಕು. ಅವರೂ ನೋಡೋಣ ಅಂದಿರುತ್ತಾರೆ. ಮೇಲಿಂದ ಇಳಿದ ನೋಡೋಣ ಕೊನೆಗೆ ಕಾಳೇವಾಡಿಯ ಒಂದು ಕೋಣೆಯಲ್ಲಿ ಬಂದು ನಿಲ್ಲುತ್ತಿತ್ತು. ಮಾರ್ಚ್ ಒಂದರಿಂದ ಬಿಸಿ ರೊಟ್ಟಿಗೆ ಸಂಜೆ ಆರೇ ಕೊನೆ ಎಂದು ಎಲ್ಲರಿಗೂ ಹೇಳಿದೆ. ಆರರ ಮೇಲೆ ಕೇಳಿದರೆ ಖಡಕ್ ರೊಟ್ಟಿ ಮಾತ್ರ. ಅದು ವಾರಗಟ್ಟಲೆ ಕೆಡುವುದಿಲ್ಲ, ಮಧ್ಯಾಹ್ನ ಆರ್ಡರ್ ಕಡಿಮೆ ಇದ್ದ ದಿನ ಬಡಿದು ಒಣಗಿಸಿಟ್ಟರೆ ಆಯಿತು. ಇಷ್ಟು ದಿನ ಇದು ಯಾಕೆ ಹೊಳೆಯಲಿಲ್ಲ ಎಂದು ನಮ್ಮನೆಯವರು ಕೇಳಿದರು. ರಾತ್ರಿ ಎದ್ದು ಓಡುವವರು ಬೇರೆಯವರಾಗಿದ್ದರು, ಅದಕ್ಕೆ.

ಮೊದಲ ತಿಂಗಳು ದಿನಕ್ಕೆ 35, 40 ರೊಟ್ಟಿ ಕಡಿಮೆ ಹೋಯಿತು. ನಿದ್ದೆ ಬರಲಿಲ್ಲ. ಮೇ ಹೊತ್ತಿಗೆ ಹತ್ತಕ್ಕೆ ಇಳಿಯಿತು. ನಾಳಿನ ಲೆಕ್ಕ ಈಗ ಹಲಗೆಯ ಮೇಲೆ ಇರುತ್ತದೆ, ಅವರು ಚಪ್ಪಲಿ ಹಾಕಿಕೊಳ್ಳುವ ಮುಂಚೆ ಬರೆದಾಗಿರಬೇಕು. ಆರಕ್ಕೆ ಬಂದ ದಿನಕ್ಕೆ 60 ರೂಪಾಯಿ ಜಾಸ್ತಿ. ರಜೆ ಕೇಳಿದರೆ ಅದೇ ದಿನ ಹೂಂ ಅಥವಾ ಇಲ್ಲ.

ಕೆಲಸದ ಹೊತ್ತಿನಲ್ಲಿ ಫೋನನ್ನು ಡಬ್ಬಿಯಲ್ಲಿ ಇಡುವ ನಿಯಮ ಮಾತ್ರ ಹಾಗೇ ಇದೆ. ಮಗಳಿಗೆ ಒಪ್ಪಿಗೆ ಇಲ್ಲ. ಅವಳು ಹಂಚಿನ ಮುಂದೆ ಕೂತು ಮಾತಾಡಲಿ, ಆಮೇಲೆ ಕೇಳುತ್ತೇನೆ. ಸೀಳಿದ ರೊಟ್ಟಿಯ ಕಟ್ ಕೂಡ ಇದೆ. ಹಿಟ್ಟು ದಪ್ಪ ಇದ್ದ ದಿನ ಇಲ್ಲ.

ಫೆಬ್ರವರಿ ಕೊನೆಗೆ ಇಂಡಿ ಅಕ್ಕನ ಮನೆಗೆ ಹೋದೆ. ಕಾಳೇವಾಡಿಯಲ್ಲಿ ಎರಡನೇ ಮಹಡಿ. ಚಹಾ ಕೊಟ್ಟರು, ಜಾತ್ರೆಯಿಂದ ತಂದ ಬೆಂಡು ಬತ್ತಾಸು ಕೊಟ್ಟರು. ಬೇರೆ ಕಡೆ ಕೆಲಸ ಹಿಡಿದಿದ್ದರು, ಸಾವಿರ ರೂಪಾಯಿ ಜಾಸ್ತಿ. ನಾನು ಮಾಡಿದ್ದನ್ನೆಲ್ಲ ಹೇಳಿದೆ, ತೊಟ್ಟಿಲಿನ ಕಥೆಯನ್ನೂ. ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ಮತ್ತ ಬರ್ರಿ ಅಕ್ಕಾ” ಎಂದೆ. ಈ ಸಲ ಅಕ್ಕಾ ಅಂದದ್ದು ನಾನು. “ಅಲ್ಲಿನ ಮಾಲಕರ ಬಾಯಿ ಜೋರ ಐತಿ, ಆದ್ರ ಏನಿದ್ರೂ ನಿಂತ ಕಾಲಾಗ ಹೇಳ್ತಾರ್ರಿ” ಎಂದರು. ಬರಲಿಲ್ಲ.

ಜತ್ತದ ಹುಡುಗಿ ಮಾರ್ಚ್‌ನಲ್ಲಿ ಬಂದಳು. ಸಂಜೆ ಏಳಕ್ಕೇ ಬಿಡಬೇಕು ಎಂದು ಷರತ್ತು ಹಾಕಿ ಬಂದಳು.

ನೀನು ನಿನ್ನ ಕೈಕೆಳಗೆ ಕೆಲಸ ಮಾಡ್ತೀಯಾ ಎಂದು ಮಗಳು ಈಗಲೂ ಕೆಣಕುತ್ತಾಳೆ. ಜನವರಿಯಲ್ಲಿದ್ದ ಆಕೆಯ ಕೈಕೆಳಗೆ ಎರಡು ತಿಂಗಳು ಮಾಡುತ್ತಿದ್ದೆ, ಪಗಾರ ಸರಿಯಾದ ದಿನ ಬರುತ್ತದೆ, ಊಟ ಚೆನ್ನಾಗಿರುತ್ತದೆ. ಆಮೇಲೆ ಸಾವಿರ ಕಡಿಮೆಯಾದರೂ ಬೇರೆ ಒಲೆ ನೋಡಿಕೊಳ್ಳುತ್ತಿದ್ದೆ. ಈಗಿನವಳ ಬಗ್ಗೆ ಸಿಂದಗಿಯಾಕೆಯನ್ನು ಕೇಳಬೇಕು. ಕೇಳಿದೆ ಕೂಡ. “ನೋಡೋಣ್ರಿ” ಎಂದರು.

ಮೊನ್ನೆ ಹೊಸ ವರ್ಷದ ಕಾಲನಿರ್ಣಯ ಕ್ಯಾಲೆಂಡರ್ ತಂದು ಗೋಡೆಗೆ ತೂಗು ಹಾಕಿದೆ. ಅರ್ಧ ಗಂಟೆಯಲ್ಲಿ ಜತ್ತದ ಹುಡುಗಿ ಜನವರಿಯ ಹಾಳೆ ತೆಗೆದು, ಹಿಟ್ಟಿನ ಬೆರಳಲ್ಲೇ 12ರಿಂದ 16ರವರೆಗೆ ಗೆರೆ ಎಳೆದು, ನನ್ನ ಮುಖ ನೋಡಿದಳು.

“12, 13 ಇಲ್ಲ” ಎಂದೆ. “ಭೋಗಿ ಐತಿ.”

ಮುಖ ಸಣ್ಣದಾಯಿತು. ನನಗೂ ಹಿಂಸೆಯಾಯಿತು. ಹಂಚಿನ ಮೇಲಿದ್ದ ರೊಟ್ಟಿ ತಿರುವಿ ಹಾಕಿ ಬಂದು ಕೇಳಿದಳು:

“ಹಂಗಾದ್ರ 13ರ ರಾತ್ರಿ ಬಸ್ಸಿಗೆ?”

“ಹೂಂ.”

ಮಧ್ಯಾಹ್ನ ಡಬ್ಬಿಯಿಂದ ಫೋನ್ ತೆಗೆದುಕೊಂಡು ಹೊರಗೆ ನಿಂತು, ಗಂಡನಿಗೆ ಟಿಕೀಟ್ ತೆಗೆಸಲು ಹೇಳುತ್ತಿದ್ದಳು. ಎರಡು ಸೀಟು, ಕಿಟಕಿ ಕಡೆ.